ಏಟು ಬಿದ್ದ ತೊಡೆ, ತೋಳನ್ನು ತಿಕ್ಕಬೇಡಿ; ಗಂಟು ಕಂಡರೆ ಎರಡನೇ ಎಕ್ಸ್‌ರೇ ತೆಗೆಸಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಆಟದ ಪೆಟ್ಟುಗಳಿಗೆ ಮನೆಮದ್ದು ಅಂತ ಅರ್ಧ ಪುಟದ ಬರಹ ಬಂದಿತ್ತು. ಅರಿಶಿನದ ಹಾಲಿನ ಬಗ್ಗೆ ನನ್ನ ತಕರಾರಿಲ್ಲ, ಕುಡಿಯಲಿ. ಆದರೆ ತೊಡೆಗೋ ತೋಳಿಗೋ ಏಟು ಬಿದ್ದು ರಕ್ತ ಕಟ್ಟಿದರೆ ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕಬೇಕು, ಆಗ ಕಟ್ಟಿದ ರಕ್ತ ಕರಗುತ್ತದೆ ಎಂಬ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. ಈ ಸಲಹೆ ತಪ್ಪು. ಸುಮ್ನೆ ಉಪಯೋಗವಿಲ್ಲದ ಸಲಹೆಯಾಗಿದ್ದರೆ ಕಾಗದ ಬರೆಯುತ್ತಿರಲಿಲ್ಲ. ಇದರಿಂದ ಮಾಂಸಖಂಡದ ಒಳಗೆ ಮೂಳೆ ಬೆಳೆಯಬಹುದು. ಅದೇ ಅಂಕಣದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಡಾಕ್ಟರ್ ಅಲ್ಲ. ಹಾಸನ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಟೆಕ್ನೀಷಿಯನ್ ಆಗಿದ್ದು ನಿವೃತ್ತನಾದವನು. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಡೆವಲಪರ್‌ನಿಂದ ಫಿಕ್ಸರ್‌ಗೆ ಫಿಲ್ಮ್ ಬದಲಾಯಿಸುತ್ತಲೇ ಸರ್ವೀಸಿನ ಬಹುಪಾಲು ಕಳೆಯಿತು. ವರದಿ ಬರೆಯುವ ಅಧಿಕಾರ ನಮಗಿಲ್ಲ, ಇರಬಾರದು ಕೂಡ. ಆದರೆ ಒಂದೇ ಕೈಯ ಮೊದಲ ಫಿಲ್ಮೂ ತಿಂಗಳ ನಂತರದ ಫಿಲ್ಮೂ ನಮ್ಮ ಕೈಯಲ್ಲೇ ತೊಳೆದು ಬರುತ್ತಿದ್ದವು. ಡಾಕ್ಟರುಗಳು ವರ್ಗವಾಗಿ ಹೋಗುತ್ತಾರೆ, ಟೆಕ್ನೀಷಿಯನ್ ಅಲ್ಲೇ ಇರುತ್ತಾನೆ. ಮೂಳೆ ಡಾಕ್ಟರು ಒಬ್ಬರು ಪ್ರತಿ ಫಿಲ್ಮನ್ನೂ ಲೈಟ್ ಬಾಕ್ಸಿಗೆ ಸಿಕ್ಕಿಸಿ, ನನ್ನನ್ನೂ ಕರೆದು ತೋರಿಸುತ್ತಿದ್ದರು. ಈ ವಿಷಯ ನಾನು ಕಲಿತದ್ದು ಅವರಿಂದ.

ಇದಕ್ಕೆ ಡಾಕ್ಟರುಗಳು ಹೇಳುವ ಹೆಸರು ಮಯೋಸೈಟಿಸ್ ಆಸಿಫಿಕನ್ಸ್. ಜೋರಾಗಿ ಏಟು ಬಿದ್ದಾಗ ಮಾಂಸಖಂಡದ ಒಳಗೆ ರಕ್ತ ಸೋರಿ ನಿಲ್ಲುತ್ತದೆ. ಅದನ್ನು ರಿಪೇರಿ ಮಾಡಲು ದೇಹ ಎಳೆಯ ಜೀವಕಣಗಳನ್ನು ಕಳಿಸುತ್ತದೆ. ಮಾಂಸದ ಗಾಯ ಮುಚ್ಚಬೇಕಾದ ಆ ಕಣಗಳಲ್ಲಿ ಕೆಲವು ದಾರಿ ತಪ್ಪಿ ಮೂಳೆ ಕಟ್ಟುವ ಕಣಗಳಾಗಿಬಿಡುತ್ತವೆ. ಅಲ್ಲಿ ಬೆಳೆಯುವುದು ಸುಣ್ಣದ ಗಸಿ ಅಲ್ಲ, ಅಸಲಿ ಮೂಳೆ. ಬಲಿತ ಮೇಲೆ ಅದರೊಳಗೆ ಮಜ್ಜೆ ಕೂಡ ಇರುವುದುಂಟು. ಮಾಂಸದೊಳಗೆ ಮೂಳೆ ಬೆಳೆಸಬಹುದು ಅಂತ ಅಮೆರಿಕದ ಮಾರ್ಷಲ್ ಯುರಿಸ್ಟ್ ಎಂಬ ಮೂಳೆ ಡಾಕ್ಟರು 1965ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಸುಣ್ಣದ ಅಂಶ ತೆಗೆದ ಮೂಳೆಚೂರನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟರು. ಅಲ್ಲಿ ಹೊಸ ಮೂಳೆ ಹುಟ್ಟಿತು. ಮೂಳೆ ಕಟ್ಟಲು ಕಣಗಳಿಗೆ ಸೂಚನೆ ಕೊಡುವ ಪ್ರೋಟೀನುಗಳು ಮೂಳೆಯಲ್ಲೇ ಇವೆ ಅನ್ನುವುದು ಆ ದಾರಿಯಿಂದಲೇ ಗೊತ್ತಾಯಿತು.

ಫಿಲ್ಮ್ ನೋಡಿದ ಕೂಡಲೇ ನಮ್ಮ ಕಡೆಯವರು ಕೇಳುವ ಪ್ರಶ್ನೆ ಒಂದೇ: 'ಕ್ಯಾಲ್ಸಿಯಂ ಜಾಸ್ತಿ ಆಯ್ತಾ ಸಾರ್?' ಮಗನಿಗೆ ಹಾಲು ನಿಲ್ಲಿಸಿದ, ರಾಗಿ ಮುದ್ದೆ ಬಿಡಿಸಿ ಬರೀ ಅನ್ನ ಹಾಕಿದ ಅಪ್ಪ ಅಮ್ಮಂದಿರನ್ನು ಕಂಡಿದ್ದೇನೆ. ಮುದ್ದೆಗೂ ಇದಕ್ಕೂ ಸಂಬಂಧವಿಲ್ಲ. ಬೆಳೆಯುವ ಹುಡುಗರ ಊಟ ಕಡಿಮೆ ಮಾಡಬೇಡಿ.

ಇದು ಜಾಸ್ತಿ ಕಾಣುವುದು ಎರಡು ಜಾಗದಲ್ಲಿ. ತೊಡೆಯ ಮುಂಭಾಗದಲ್ಲಿ ಮತ್ತು ಮೊಣಕೈಗೆ ಸ್ವಲ್ಪ ಮೇಲೆ ತೋಳಿನ ಮುಂಭಾಗದಲ್ಲಿ. ಹದಿಹರೆಯದವರು ಮತ್ತು ಇಪ್ಪತ್ತು ಮೂವತ್ತರ ಒಳಗಿನ ಆಟಗಾರರಿಗೆ ಹೆಚ್ಚು. ಹಿಂದೆ ಯುರೋಪಿನಲ್ಲಿ ಕುದುರೆ ಸವಾರರಿಗೆ ತೊಡೆಯ ಒಳಬದಿಯಲ್ಲಿ, ಬಂದೂಕಿನ ಹಿಂಬಡಿತ ತಿನ್ನುತ್ತಿದ್ದ ಸಿಪಾಯಿಗಳಿಗೆ ಭುಜದಲ್ಲಿ ಹೀಗೇ ಮೂಳೆ ಬೆಳೆಯುತ್ತಿತ್ತು. ನಮ್ಮಲ್ಲಿ ಕುದುರೆ ಎಲ್ಲಿಂದ ಬರಬೇಕು? ಕಬಡ್ಡಿ ಇದೆ. ರೈಡರ್ ನುಗ್ಗುವಾಗ ಹಿಡಿಯುವವನ ಮಂಡಿ ಬಂದು ತೊಡೆಗೆ ಬಡಿದರೆ ಸಾಕು. ಹೊರಗೆ ಚರ್ಮಕ್ಕೆ ಗೀರೂ ಆಗಿರುವುದಿಲ್ಲ, ಒಳಗೆ ಮಾಂಸಖಂಡ ತೊಡೆಮೂಳೆಗೆ ಒತ್ತಿ ಜಜ್ಜಿಹೋಗಿರುತ್ತದೆ.

ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಡಾಕ್ಟರುಗಳು ಹೀಗೆ ತೊಡೆಗೆ ಪೆಟ್ಟಾದ ಕೆಡೆಟ್‌ಗಳ ಲೆಕ್ಕ ಇಟ್ಟು 1991ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು ಒಂಬತ್ತು ಜನರ ತೊಡೆಯಲ್ಲಿ ಮೂಳೆ ಬೆಳೆದಿತ್ತು. ಮಂಡಿ ಪೂರ್ತಿ ಮಡಚಲು ಬಾರದವರಿಗೆ, ಹಳೆಯ ಪೆಟ್ಟಿನ ಮೇಲೇ ಹೊಸ ಪೆಟ್ಟು ಬಿದ್ದವರಿಗೆ, ಮೂರು ದಿನ ಕಳೆದ ಮೇಲೆ ಚಿಕಿತ್ಸೆಗೆ ಬಂದವರಿಗೆ ಈ ಅಪಾಯ ಹೆಚ್ಚಿತ್ತು. ಈ ಕೊನೆಯ ಎರಡನ್ನು ನಮ್ಮ ಹಳ್ಳಿ ಪಂದ್ಯಗಳ ಹುಡುಗರಿಗೆ ಹೊಂದಿಸಿ ನೋಡಿ. ಸೆಮಿಫೈನಲ್‌ನಲ್ಲಿ ಏಟು ತಿಂದವನನ್ನು ಎಣ್ಣೆ ತಿಕ್ಕಿ ಫೈನಲ್‌ಗೆ ಇಳಿಸುತ್ತೇವೆ. ಆಸ್ಪತ್ರೆ ನೆನಪಾಗುವುದು ಹಬ್ಬ ಮುಗಿದ ಮೇಲೆ.

ಮೊಣಕೈ ವಿಷಯ ಇನ್ನೂ ಸೂಕ್ಷ್ಮ. ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೈಸ್ಕೂಲು ಓದುತ್ತಿದ್ದ. ಹುಣಸೆ ಮರದಿಂದ ಬಿದ್ದು ಮೊಣಕೈ ಕೀಲು ತಪ್ಪಿತ್ತು. ಮನೆಯವರು ಮೊದಲು ಕರೆದುಕೊಂಡು ಹೋದದ್ದು ಮೂಳೆ ಕಟ್ಟುವ ಪರಿಚಯದ ಒಬ್ಬರ ಹತ್ತಿರ. ಅವರು ಕೀಲನ್ನು ಕೂರಿಸಿದರು. ಫಿಲ್ಮ್ ತೆಗೆದಾಗ ನೋಡಿದೆವಲ್ಲ, ಚೆನ್ನಾಗಿಯೇ ಕೂತಿತ್ತು. ಕೆಟ್ಟದ್ದು ಆಮೇಲಿನ ಉಪಚಾರದಿಂದ. ದಬ್ಬೆ ಬಿಚ್ಚಿದ ಮೇಲೆ ಕೈ ನೆಟ್ಟಗಾಗಲಿಲ್ಲ ಅಂತ ದಿನಾ ಬೆಳಿಗ್ಗೆ ಬಿಸಿ ಹರಳೆಣ್ಣೆ ಹಾಕಿ ನೀವುವುದು, ಮೇಲೆ ಸುಡುನೀರು ಹುಯ್ಯುವುದು. ಸಂಜೆ ಬಕೆಟ್ಟಿಗೆ ಅರ್ಧ ನೀರು ತುಂಬಿ ಆ ಕೈಯಲ್ಲಿ ಹಿಡಿಸಿ ನಿಲ್ಲಿಸುವುದು, ಭಾರಕ್ಕೆ ಕೈ ನೀಳವಾಗಲಿ ಅಂತ. ಹುಡುಗ ಅಳುತ್ತಿದ್ದನಂತೆ. ಅತ್ತರೆ ನರ ಬಿಡುತ್ತಿದೆ ಅಂತ ಅರ್ಥ, ಇನ್ನೂ ಜಾಸ್ತಿ ತಿಕ್ಕಿ ಅಂದರಂತೆ. ನಮ್ಮ ಹತ್ತಿರ ಬಂದಾಗ ಕೈ ಇಂಗ್ಲಿಷಿನ ಎಲ್ ಆಕಾರದಲ್ಲಿ ನಿಂತಿತ್ತು. ನೆಟ್ಟಗೂ ಆಗದು, ಮಡಚಲೂ ಬಾರದು. ಪಕ್ಕದಿಂದ ತೆಗೆದ ಫಿಲ್ಮಿನಲ್ಲಿ ಕೀಲಿನ ಮುಂದೆ, ಕಪ್ಪಾಗಿ ಕಾಣಬೇಕಾದ ಮಾಂಸದ ಜಾಗದಲ್ಲಿ, ಬಿಳಿಯ ಮೂಳೆ ತುಂಡು ಅಡ್ಡ ಕೂತಿತ್ತು.

ಮೊಣಕೈ ಮುಂದೆ ಬ್ರೇಕಿಯಾಲಿಸ್ ಎಂಬ ಮಾಂಸಖಂಡ ಕೀಲಿಗೆ ಅಂಟಿಕೊಂಡಂತೆ ಇರುತ್ತದೆ. ಕೀಲು ತಪ್ಪುವಾಗ ಅದು ಹರಿದಿರುತ್ತದೆ. ಹರಿದದ್ದನ್ನು ಮತ್ತೆ ಮತ್ತೆ ಎಳೆದರೆ, ಒತ್ತಿದರೆ ಒಳಗೆ ದಿನವೂ ಹೊಸದಾಗಿ ರಕ್ತ ಸೋರುತ್ತದೆ. ಅಲ್ಲೇ ಮೂಳೆ ಹುಟ್ಟುತ್ತದೆ. ತುತ್ತು ಬಾಯಿಗೆ ಇಡಲು ಮೊಣಕೈ ಹೆಚ್ಚುಕಡಿಮೆ 130 ಡಿಗ್ರಿ ಮಡಚಬೇಕು. 90ಕ್ಕೆ ನಿಂತ ಕೈಯಲ್ಲಿ ಊಟ ಮಾಡಲಾಗದು, ಮುಖ ತೊಳೆಯಲಾಗದು, ಅಂಗಿಯ ಮೇಲಿನ ಗುಂಡಿ ಹಾಕಲಾಗದು. ಆ ಹುಡುಗನಿಗೆ ಅದು ಬಲಗೈ. ಮೂಳೆ ಮುರಿತ, ಕೀಲು ತಪ್ಪುವುದು ಆದಮೇಲೆ ತಿಕ್ಕಬಾರದು ಅನ್ನುವುದು ನಮ್ಮ ದೇಶದ ಮೆಡಿಕಲ್ ಕಾಲೇಜುಗಳಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಹೇಳಿಕೊಡುವ ಪಾಠ. ನಮ್ಮ ಮನೆಗಳಿಗೆ ಮಾತ್ರ ಅದು ತಲುಪಿಲ್ಲ.

ಮೂಳೆ ಕಟ್ಟುವ ನಾಟಿ ವೈದ್ಯರನ್ನು ಬೈಯಲು ನಾನು ಬರೆಯುತ್ತಿಲ್ಲ. ರಾತ್ರಿ ಹೊತ್ತು, ಬಸ್ಸಿಲ್ಲದ ಊರಲ್ಲಿ, ಕಾಸು ಕೇಳದೆ ಕೈ ಹಿಡಿದವರು ಅವರೇ. ಕೆಲವರ ಕೈಗುಣ ನಿಜವಾಗಿಯೂ ಚೆನ್ನಾಗಿದೆ. ನನ್ನ ಮಾತು ಇಷ್ಟೇ: ಕಟ್ಟುವುದು ಬೇರೆ, ತಿಕ್ಕುವುದು ಬೇರೆ. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಬೆಳಗಾಗುವ ತನಕ ಕಾಯಬೇಡಿ. ಕಟ್ಟು ಸಡಿಲಿಸಿ, ಆಗಲೇ ಆಸ್ಪತ್ರೆಗೆ ಓಡಿ. ತೊಡೆ ಕಲ್ಲಿನಂತೆ ಬಿಗಿದು ತಡೆಯಲಾಗದ ನೋವು ಬಂದರೂ ಅಷ್ಟೇ.

ಇನ್ನು ಪತ್ತೆ ಹಚ್ಚುವ ವಿಷಯ. ಏಟು ಬಿದ್ದ ದಿನ ಎಕ್ಸ್‌ರೇ ತೆಗೆದರೆ ಇದು ಕಾಣುವುದಿಲ್ಲ. ಮೂಳೆ ಮುರಿದಿಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. 'ಎಕ್ಸ್‌ರೇ ನಾರ್ಮಲ್' ಅಂದ ಕೂಡಲೇ ಜನ ನಿರಾಳವಾಗಿ ತಿಕ್ಕಲು ಶುರು ಮಾಡುತ್ತಾರೆ, ತೊಂದರೆಯಾಗುವುದು ಇಲ್ಲೇ. ಮೂರು ನಾಲ್ಕು ವಾರಕ್ಕೆ ಮಾಂಸದ ನೆರಳಿನಲ್ಲಿ ಸಣ್ಣ ಮಬ್ಬು ಕಾಣಿಸುತ್ತದೆ. ಆರರಿಂದ ಎಂಟು ವಾರಕ್ಕೆ ಅದರ ಅಂಚು ಬಲಿಯುತ್ತದೆ. ನಮ್ಮ ಅರಸೀಕೆರೆ, ತಿಪಟೂರು ಕಡೆಯವರಿಗೆ ಹೇಳಿದರೆ ಬೇಗ ಅರ್ಥವಾಗುತ್ತದೆ: ತೆಂಗಿನಕಾಯಿಯ ಚಿಪ್ಪಿನ ಹಾಗೆ ಸುತ್ತ ಗಟ್ಟಿ, ಒಳಗೆ ಮೆತ್ತಗೆ. ಫಿಲ್ಮಿನಲ್ಲಿ ಅಂಚು ಬೆಳ್ಳಗೆ, ನಡುವೆ ಮಂಕು. ಜೊತೆಗೆ ಗಂಟಿಗೂ ತೊಡೆಮೂಳೆಗೂ ಮಧ್ಯೆ ತೆಳುವಾದ ಕಪ್ಪು ಗೆರೆ ಇರುತ್ತದೆ. ಅಂದರೆ ಗಂಟು ಮೂಳೆಯಿಂದ ಹುಟ್ಟಿದ್ದಲ್ಲ. ನೇರವಾಗಿ ತೆಗೆದ ಫಿಲ್ಮಿನಲ್ಲಿ ಒಂದರ ಮೇಲೊಂದು ಬಿದ್ದು ಆ ಗೆರೆ ಮುಚ್ಚಿಹೋಗುತ್ತದೆ. ಕಾಲನ್ನು ಸ್ವಲ್ಪ ಹೊರಳಿಸಿ, ಓರೆಯಾಗಿ ತೆಗೆದರೆ ಸಿಗುತ್ತದೆ. ಇಂತಹ ಗೆರೆ ಸಿಕ್ಕ ದಿನ ನನಗೆ ಊಟ ರುಚಿಸುತ್ತಿತ್ತು, ಯಾರಿಗೆ ಹೇಳಲಿ.

ಆ ಗೆರೆಗೆ ಯಾಕಿಷ್ಟು ಬೆಲೆ ಅಂದರೆ, ಈ ಗಂಟಿನ ತಂಟೆ ಇರುವುದೇ ಅದು ಮೂಳೆ ಕ್ಯಾನ್ಸರ್ ಥರ ಕಾಣುವುದರಲ್ಲಿ. ಕಾಲೇಜು ಹುಡುಗನೊಬ್ಬ, ಕಬಡ್ಡಿ ಆಟಗಾರ. ತೊಡೆಗೆ ಏಟು ಬಿದ್ದು ವಾರಗಳಾದರೂ ನೋವು ಹೋಗಲಿಲ್ಲ, ಗಟ್ಟಿ ಗಂಟು ಕೈಗೆ ಸಿಗುತ್ತಿತ್ತು. ದೊಡ್ಡ ಊರಿನ ಒಂದು ಕಡೆ ತೋರಿಸಿದ್ದಾರೆ. ಅಲ್ಲಿ ಫಿಲ್ಮ್ ನೋಡಿ ಕ್ಯಾನ್ಸರ್ ಇರಬಹುದು, ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಮಾಡಬೇಕು ಅಂದಿದ್ದಾರೆ. ಅವರಪ್ಪ ಎಮ್ಮೆ ಮಾರಲು ಗಿರಾಕಿ ನೋಡಿಕೊಂಡೇ ನಮ್ಮ ಆಸ್ಪತ್ರೆಗೆ ಬಂದದ್ದು. ನಮ್ಮ ಮೂಳೆ ಡಾಕ್ಟರು ಹುಡುಗನನ್ನು ಬಹಳ ಹೊತ್ತು ಮಾತಾಡಿಸಿದರು. ಏಟು ಎಂದು ಬಿತ್ತು, ಗಂಟು ಎಂದು ಕಂಡಿತು, ಯಾರಾದರೂ ತಿಕ್ಕಿದರಾ, ನೋವು ಏರುತ್ತಿದೆಯೋ ಇಳಿಯುತ್ತಿದೆಯೋ, ರಾತ್ರಿ ನಿದ್ದೆ ಬರುತ್ತದೋ. ಆಮೇಲೆ ನನ್ನ ಕಡೆ ತಿರುಗಿ ಓರೆ ಫಿಲ್ಮ್ ತೆಗೆಯಲು ಹೇಳಿದರು. ಜಿಲ್ಲಾ ಕೇಂದ್ರದಲ್ಲಿ ಸಿ.ಟಿ. ಮಾಡಿಸಿ ತರಲು ಬರೆದುಕೊಟ್ಟರು. ಸಿ.ಟಿ.ಯಲ್ಲಿ ಗಂಟಿನ ಸುತ್ತ ಬಳೆಯಂಥ ಅಂಚು ಸ್ಪಷ್ಟವಾಗಿತ್ತು. ಕೆಲವು ವಾರ ಬಿಟ್ಟು ಮತ್ತೆ ಫಿಲ್ಮ್ ತೆಗೆದೆವು. ಗಂಟು ದೊಡ್ಡದಾಗಿರಲಿಲ್ಲ, ಅಂಚು ಇನ್ನಷ್ಟು ಗಟ್ಟಿಯಾಗಿತ್ತು, ನೋವೂ ಇಳಿದಿತ್ತು. ಕತ್ತರಿ ಮುಟ್ಟಿಸಲೇ ಇಲ್ಲ. ಎಮ್ಮೆಯೂ ಉಳಿಯಿತು.

ಆತುರದಲ್ಲಿ ಬಯಾಪ್ಸಿ ಮಾಡಿದರೆ ಏನಾಗುತ್ತದೆ? ಈ ಗಂಟಿನ ನಡುಭಾಗದಲ್ಲಿ ಎಳೆಯ ಕಣಗಳು ಜೋರಾಗಿ ಒಡೆದು ಬೆಳೆಯುತ್ತಿರುತ್ತವೆ. ಮೈಕ್ರೋಸ್ಕೋಪಿನಲ್ಲಿ ಅಷ್ಟನ್ನೇ ನೋಡಿದರೆ ಕ್ಯಾನ್ಸರ್ ಕಣಗಳ ಹಾಗೆ ಕಾಣಬಹುದು. ಹೊರಗೆ ಬಂದಂತೆ ಅರೆಬಲಿತ ಮೂಳೆ, ಅಂಚಿನಲ್ಲಿ ಪೂರ್ತಿ ಬಲಿತ ಮೂಳೆ. ಈ ಪದರಗಳ ಕ್ರಮವನ್ನು ಅಮೆರಿಕದ ರೋಗಶಾಸ್ತ್ರಜ್ಞ ಲಾರೆನ್ ಆಕರ್‌ಮನ್ 1958ರಲ್ಲಿ ವಿವರಿಸಿದರು. ಮೂಳೆ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ನಡುವೆ ಹೆಚ್ಚು ಬಿಳಿ, ಅಂಚು ಕಲಸಿದಂತೆ. ಸೂಜಿ ನಡುಭಾಗದ ಚೂರನ್ನಷ್ಟೇ ತಂದು ಕೊಟ್ಟರೆ, ಜೊತೆಗೆ ಫಿಲ್ಮೂ ಇಲ್ಲದಿದ್ದರೆ, ಲ್ಯಾಬಿನವರು ತಾನೇ ಏನು ಮಾಡಿಯಾರು? ಅದಕ್ಕೇ ಬಯಾಪ್ಸಿ ಬೇಕೇ ಬೇಕು ಅಂದರೆ, ಎಲ್ಲ ಫಿಲ್ಮುಗಳನ್ನೂ ಅವರ ಮುಂದೆ ಇಡಿ. ಏಟು ಬಿದ್ದ ತಾರೀಖು ಚೀಟಿಯಲ್ಲಿ ಬರೆಸಿ.

ಇದನ್ನು ಓದಿ ಯಾರೂ ತಮ್ಮ ಗಂಟಿಗೆ ತಾವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಬಾರದು. ಕ್ಯಾನ್ಸರ್ ಗಂಟು ಕಂಡವರೂ 'ಅಲ್ಲಿ ಏಟು ಬಿದ್ದಿತ್ತು' ಅನ್ನುತ್ತಾರೆ. ಓಡಾಡುವ ಹುಡುಗರಿಗೆ ಏಟು ಬೀಳದ ವಾರ ಯಾವುದಿದೆ? ಏಟಿನ ನೆನಪೇ ಇಲ್ಲದವರಿಗೂ ಮಯೋಸೈಟಿಸ್ ಬರುವುದುಂಟು. ದಿನ ಕಳೆದಂತೆ ನೋವು ಏರಿದರೆ, ರಾತ್ರಿ ಎಬ್ಬಿಸಿದರೆ, ಎರಡು ತಿಂಗಳಾದರೂ ಗಂಟು ಬೆಳೆಯುತ್ತಲೇ ಹೋದರೆ, ತೂಕ ಇಳಿದರೆ, ಜ್ವರ ಬಂದರೆ ಕಾಯುವ ಮಾತಿಲ್ಲ. ನೇರ ಮೂಳೆ ಗಂಟುಗಳನ್ನು ನೋಡುವ ತಜ್ಞರ ಹತ್ತಿರ ಹೋಗಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇರುವುದೇ ಅದಕ್ಕೆ. ಕಾಯುವುದು ಅಂದರೆ ಡಾಕ್ಟರ ಕಣ್ಣಿನಡಿ, ತಾರೀಖು ಹಾಕಿಕೊಂಡು ಕಾಯುವುದು. ಮನೆಯಲ್ಲಿ ಕೂತು ಮರೆಯುವುದಲ್ಲ.

ಇನ್ನೊಂದು, ಎಂಆರ್‌ಐ. ಜನರಿಗೆ ದುಬಾರಿ ಪರೀಕ್ಷೆ ಅಂದರೆ ದೊಡ್ಡ ಉತ್ತರ ಅನ್ನುವ ನಂಬಿಕೆ. ಶುರುವಿನ ವಾರಗಳಲ್ಲಿ ಎಂಆರ್‌ಐ ಮಾಡಿದರೆ ಗಂಟಿನ ಸುತ್ತ ದೊಡ್ಡ ಊತ ಕಂಡು ಹೆದರಿಕೆ ಜಾಸ್ತಿಯಾಗುವುದೇ ಹೆಚ್ಚು. ಅಂಚಿನ ತೆಳು ಮೂಳೆ ಸಿ.ಟಿ.ಯಲ್ಲಿ ಚೆನ್ನಾಗಿ ಕಾಣುತ್ತದೆ. ಎಕ್ಸ್‌ರೇಗಿಂತ ಮೊದಲೇ ಸ್ಕ್ಯಾನಿಂಗ್‌ನಲ್ಲೂ, ಅಂದರೆ ನಾವು ಬಸುರಿಯರಿಗೆ ಮಾಡಿಸುತ್ತೇವಲ್ಲ ಅದರಲ್ಲಿ, ಅಂಚು ಸಿಗುವುದುಂಟು. ಯಾವುದು ಯಾವಾಗ ಅಂತ ಡಾಕ್ಟರು ಹೇಳಲಿ.

ಎರಡನೇ ಎಕ್ಸ್‌ರೇ ಅಂದರೆ ವಿಕಿರಣಕ್ಕೆ ಹೆದರುವವರಿದ್ದಾರೆ. ಮಣ್ಣು, ಗಾಳಿ, ಆಕಾಶದಿಂದ ಒಂದು ದಿನದಲ್ಲಿ ನಮ್ಮ ಮೈಗೆ ತಾನಾಗಿ ತಾಗುವಷ್ಟು ವಿಕಿರಣವೂ ಒಂದು ಮೊಣಕೈ ಎಕ್ಸ್‌ರೇಯಲ್ಲಿ ಇರುವುದಿಲ್ಲ. ಹೆದರಬೇಕಾದ್ದು ಫಿಲ್ಮ್ ಕಳೆದುಕೊಳ್ಳುವುದಕ್ಕೆ. ಹಳೇ ಫಿಲ್ಮನ್ನು ಗ್ರಹಣ ನೋಡಲು ಮಕ್ಕಳಿಗೆ ಕೊಟ್ಟವರನ್ನು ಕಂಡಿದ್ದೇನೆ. ಅದೂ ಮಾಡಬಾರದ ಕೆಲಸವೇ, ಕಣ್ಣು ಹೋಗುತ್ತದೆ. ಈಗ ವಾಟ್ಸ್‌ಆ್ಯಪ್ ಕಾಲ. ಟ್ಯೂಬ್‌ಲೈಟಿಗೆ ಫಿಲ್ಮ್ ಹಿಡಿದು ಫೋನಿನಲ್ಲಿ ಫೋಟೊ ಹೊಡೆದು ಮೈಸೂರಿನ ಡಾಕ್ಟರಿಗೆ ಕಳಿಸುತ್ತಾರೆ. ಆ ಫೋಟೊದಲ್ಲಿ ಮೊದಲು ಮಾಯವಾಗುವುದೇ ನಾನು ಹೇಳಿದ ತೆಳು ಅಂಚು, ಆ ಕಪ್ಪು ಗೆರೆ. ಅಸಲಿ ಫಿಲ್ಮನ್ನೋ ಸಿ.ಡಿ.ಯನ್ನೋ ಒಯ್ಯಿರಿ. ಮೊದಲನೆಯದು, ಎರಡನೆಯದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಕಥೆ ಗೊತ್ತಾಗುವುದು.

ಚಿಕಿತ್ಸೆ ಬಗ್ಗೆ ನಾನು ಜಾಸ್ತಿ ಮಾತಾಡಬಾರದು. ಬಹಳ ಜನರಿಗೆ ವಿಶ್ರಾಂತಿ ಮತ್ತು ನೋವಾಗದಷ್ಟು ತಾವೇ ಮಾಡುವ ವ್ಯಾಯಾಮ ಸಾಕಾಗುತ್ತದೆ. ಗಂಟು ತಾನೇ ಸ್ವಲ್ಪ ಕುಗ್ಗುತ್ತದೆ. ನೋವು, ಊತ ಇಳಿಸುವ ಇಂಡೋಮೆಥಾಸಿನ್ ಅಂಥ ಮಾತ್ರೆಯನ್ನು ಡಾಕ್ಟರು ಕೆಲವರಿಗೆ ಕೊಡುತ್ತಾರೆ. ಮೆಡಿಕಲ್ ಸ್ಟೋರಿನಿಂದ ನೀವೇ ತಂದು ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಆಪರೇಷನ್ ಬೇಕಾಗುವುದು ಕೀಲು ಕಟ್ಟಿದವರಿಗೆ, ನರ ಒತ್ತಿದವರಿಗೆ. ಅದನ್ನೂ ಮೂಳೆ ಪೂರ್ತಿ ಬಲಿತ ಮೇಲೆ, ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷ ಬಿಟ್ಟು ಮಾಡುತ್ತಾರೆ. ಎಳೆಯದಿದ್ದಾಗ ಕೆಣಕಿದರೆ ಮತ್ತೆ ಬೆಳೆಯುವ ಭಯ. ಹುಣಸೆ ಮರದ ಹುಡುಗನಿಗೆ ಹಾಗೇ ಕಾಯಿಸಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಈಗ ಬಲಗೈಯಲ್ಲೇ ಊಟ ಮಾಡುತ್ತಾನೆ. ಪೂರ್ತಿ ನೆಟ್ಟಗಾಗಿಲ್ಲ, ಆದರೂ ಬೈಕ್ ಓಡಿಸುತ್ತಾನೆ.

ಇದೇ ಜಾತಿಯ ಇನ್ನೊಂದು ಕಾಯಿಲೆ ಇದೆ. ಬಹಳ ಅಪರೂಪ, ಹತ್ತಿಪ್ಪತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಆದರೂ ಬರೆಯುತ್ತೇನೆ. ಯಾಕೆಂದರೆ ಅಲ್ಲಿ ಸೂಜಿಯೇ ಶತ್ರು. ಹೆಸರು ಎಫ್‌ಒಪಿ, ಉದ್ದ ಹೆಸರು ಫೈಬ್ರೋಡಿಸ್ಪ್ಲೇಸಿಯಾ ಆಸಿಫಿಕನ್ಸ್ ಪ್ರೊಗ್ರೆಸಿವಾ. ಹುಟ್ಟಿನಿಂದಲೇ ಒಂದು ಜೀನ್‌ನಲ್ಲಿ ದೋಷ. ಆ ಜೀನ್ ಎಸಿವಿಆರ್1 ಅಂತ 2006ರಲ್ಲಿ ಪತ್ತೆ ಮಾಡಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಐಲೀನ್ ಶೋರ್ ಮತ್ತು ಫ್ರೆಡರಿಕ್ ಕ್ಯಾಪ್ಲನ್ ಅವರ ತಂಡ. ಈ ಮಕ್ಕಳಿಗೆ ಬಿದ್ದರೆ, ಮಾಂಸಕ್ಕೆ ಇಂಜೆಕ್ಷನ್ ಚುಚ್ಚಿದರೆ, ಬಯಾಪ್ಸಿ ಮಾಡಿದರೆ ಅಲ್ಲೆಲ್ಲ ಮೂಳೆ ಬೆಳೆಯುತ್ತದೆ. ಕತ್ತು, ಬೆನ್ನು, ಭುಜ ಅಂತ ಒಂದೊಂದಾಗಿ ಕೀಲುಗಳು ಬೀಗ ಬೀಳುತ್ತವೆ. ಫಿಲಡೆಲ್ಫಿಯಾದ ಹ್ಯಾರಿ ಈಸ್ಟ್‌ಲ್ಯಾಕ್ ಎಂಬಾತನಿಗೆ ಹೀಗಾಗಿತ್ತು. ಬೆಳೆದ ಮೂಳೆ ತೆಗೆಯಲು ಆಪರೇಷನ್ ಮಾಡಿದಷ್ಟೂ ಮತ್ತೆ ಹೆಚ್ಚು ಬೆಳೆಯಿತು. 1973ರಲ್ಲಿ 40 ತುಂಬುವ ಮೊದಲೇ ತೀರಿಕೊಂಡರು. ಡಾಕ್ಟರುಗಳು ನೋಡಿ ಕಲಿಯಲಿ ಅಂತ ತಮ್ಮ ಅಸ್ಥಿಪಂಜರವನ್ನೇ ದಾನ ಕೊಟ್ಟರು. ಅದು ಇಂದಿಗೂ ಆ ಊರಿನ ಮ್ಯೂಟರ್ ಮ್ಯೂಸಿಯಂನಲ್ಲಿದೆ.

ಈ ಕಾಯಿಲೆಯ ಸುಳಿವು ಹುಟ್ಟಿದ ದಿನವೇ ಸಿಗುತ್ತದೆ. ಎರಡೂ ಕಾಲಿನ ಹೆಬ್ಬೆರಳು ಗಿಡ್ಡವಾಗಿ, ಪಕ್ಕದ ಬೆರಳಿನ ಕಡೆ ವಾಲಿರುತ್ತದೆ. ನೋಡಲು ಖರ್ಚಿಲ್ಲ, ಮೆಷಿನ್ ಬೇಡ. ಆದರೂ ಯಾರೂ ನೋಡುವುದಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 138 ರೋಗಿಗಳನ್ನು ವಿಚಾರಿಸಿದ್ದರು. ನೂರಕ್ಕೆ 87 ಜನರಿಗೆ ಮೊದಲು ಬೇರೆ ಕಾಯಿಲೆ ಅಂತ ಹೇಳಲಾಗಿತ್ತು, ಅದರಲ್ಲಿ ಹೆಚ್ಚು ಸಲ ಹೇಳಿದ್ದು ಕ್ಯಾನ್ಸರ್. ನೂರಕ್ಕೆ 67 ಜನರಿಗೆ ಬಯಾಪ್ಸಿಯಂಥ ಬೇಡದ ಕೊಯ್ತ ಆಗಿತ್ತು. ನಮ್ಮ ಆಶಾ ಕಾರ್ಯಕರ್ತೆಯರು, ಎಎನ್‌ಎಂ ಅಕ್ಕಂದಿರು ಹಸುಗೂಸಿನ ತೂಕ ಬರೆಯುವಾಗ ಕಾಲಿನ ಹೆಬ್ಬೆರಳನ್ನೂ ಒಮ್ಮೆ ನೋಡಲಿ. ಬೆರಳು ವಾಲಿದ ಎಲ್ಲ ಮಕ್ಕಳಿಗೂ ಈ ಕಾಯಿಲೆ ಇರುವುದಿಲ್ಲ, ಗಾಬರಿ ಬೇಡ. ಆದರೆ ಅಂಥ ಮಗುವಿನ ಬೆನ್ನಲ್ಲೋ ಕತ್ತಲ್ಲೋ ಗಂಟು ಎದ್ದರೆ ಸೂಜಿ ಹಾಕುವ ಮೊದಲು ರಕ್ತದ ಜೀನ್ ಪರೀಕ್ಷೆ ಆಗಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅನ್ನು ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ಕೇಂದ್ರಗಳಲ್ಲಿ ಒಂದಾಗಿ ಗುರುತಿಸಿದೆ. ಅಲ್ಲಿಗೆ ಕಳಿಸಿ ಅಂತ ನಿಮ್ಮ ಡಾಕ್ಟರನ್ನು ಕೇಳಬಹುದು. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. 2023ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಪ್ಯಾಲೊವರೊಟೀನ್ ಹೊಸ ಮೂಳೆ ಬೆಳೆಯುವುದನ್ನು ಕಡಿಮೆ ಮಾಡುತ್ತದೆ ಅಷ್ಟೆ. ತೀರಾ ಸಣ್ಣ ಮಕ್ಕಳಿಗೆ ಅದನ್ನು ಕೊಡುವಂತಿಲ್ಲ, ಬೆಳವಣಿಗೆ ನಿಂತುಹೋಗುವ ಅಪಾಯವಿದೆ.

ಕೊನೆಗೆ ಶಿಕ್ಷಣ ಇಲಾಖೆಯವರಿಗೂ, ಪಂದ್ಯ ನಡೆಸುವ ಯುವಕ ಸಂಘದವರಿಗೂ ಒಂದು ಮಾತು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಶಾಮಿಯಾನ, ಮೈಕು, ಅತಿಥಿಗಳಿಗೆ ಹಾರ, ಶಾಲು ಎಲ್ಲಕ್ಕೂ ದುಡ್ಡಿದೆ. ಒಂದು ಥರ್ಮಾಕೋಲ್ ಡಬ್ಬಿ ತುಂಬ ಐಸ್, ನಾಲ್ಕು ಕ್ರೇಪ್ ಬ್ಯಾಂಡೇಜ್ ಇಡಲು ಎಷ್ಟಾಗುತ್ತದೆ? ತೊಡೆಗೆ ಏಟು ಬಿದ್ದವನನ್ನು ಅಂದು ಮತ್ತೆ ಆಟಕ್ಕೆ ಇಳಿಸಬೇಡಿ. ಬಟ್ಟೆಯಲ್ಲಿ ಸುತ್ತಿ ಐಸ್ ಇಡಿ. ಮಂಡಿಯನ್ನು ತಡೆಯುವಷ್ಟು ಮಡಚಿ, ಬ್ಯಾಂಡೇಜ್ ಸುತ್ತಿ ಕೂರಿಸಿ. ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಏಟು ಬಿದ್ದ ಕೂಡಲೇ ಮಂಡಿಯನ್ನು 120 ಡಿಗ್ರಿ ಮಡಚಿ ಒಂದು ದಿನ ಹಾಗೇ ಕಟ್ಟಿಟ್ಟರು. ಹುಡುಗರು ಬೇಗ ಆಟಕ್ಕೆ ಮರಳಿದರು, ಮೂಳೆ ಬೆಳೆದದ್ದು ತೀರಾ ಅಪರೂಪ. ಮೊದಲ ಎರಡು ಮೂರು ದಿನ ಬಿಸಿ ಶಾಖ ಬೇಡ. ಎಣ್ಣೆ ಹಾಕಿ ತಿಕ್ಕುವುದು, ಎಳೆದಾಟ ಆಮೇಲೂ ಬೇಡ. ಮೊಣಕೈ ಊದಿಕೊಂಡಿದ್ದರೆ ಯಾರೂ ಎಳೆದು ನೋಡಬಾರದು. ಇದ್ದಂತೆಯೇ ಬಟ್ಟೆಯ ಜೋಳಿಗೆ ಕಟ್ಟಿ ಆಸ್ಪತ್ರೆಗೆ ಕಳಿಸಿ. ಮೂರು ವಾರದಲ್ಲಿ ಗಂಟು ಕೈಗೆ ಸಿಕ್ಕರೆ ಅಥವಾ ಕೀಲು ಬಿಗಿಯಾಗುತ್ತಾ ಬಂದರೆ ಮತ್ತೆ ಫಿಲ್ಮ್ ತೆಗೆಸಿ. ಮೇಷ್ಟ್ರುಗಳು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಏಟು ಬಿದ್ದ ಹುಡುಗನ ಹೆಸರು, ತಾರೀಖು, ಯಾವ ಕಾಲು ಅಂತ ಬರೆದಿಟ್ಟರೆ ಮುಂದೆ ಡಾಕ್ಟರಿಗೆ ಬಹಳ ಅನುಕೂಲ.

ಇಂತಿ,
ನಿವೃತ್ತ ಎಕ್ಸ್‌ರೇ ಟೆಕ್ನೀಷಿಯನ್,
ಹಾಸನ ಜಿಲ್ಲೆ